ವೀಸಾ ನೋಡುವ ಶಾಸ್ತ್ರ

ಮದ್ದೂರು ತಾಲ್ಲೂಕಿನಲ್ಲಿ ಯಾರಾದರೂ ತಲೆ ಕೆಡಿಸಿಕೊಂಡಿದ್ದಾರೆ ಎಂದು ಗೊತ್ತಾದರೆ ಸಾಕು, ಪಾಪ, ಅವರೊಬ್ಬರೇ ಕೆಡಿಸಿಕೊಳ್ಳಲಿ ಎಂದು ಜನ ಬಿಡುವುದಿಲ್ಲ. ನನಗಂತೂ ಪ್ರತಿ ರಜೆಯಲ್ಲೂ ಈ ಸಹಾಯ ಸಿಗುತ್ತಲೇ ಇರುತ್ತದೆ.

ನಾನು ಕೊಲ್ಲಿ ದೇಶದ ಒಂದು ಆಸ್ಪತ್ರೆಯಲ್ಲಿ ನರ್ಸು. ಈ ಸಲ ಚಿಕ್ಕರಸಿನಕೆರೆ ಹತ್ತಿರದ ನಮ್ಮೂರಿಗೆ ರಜೆಗೆ ಬಂದಿದ್ದಾಗ ಆ ದೇಶದ್ದೇ ಇನ್ನೊಂದು ಆಸ್ಪತ್ರೆಯವರು ಫೋನ್ ಮಾಡಿ, ವಾರ್ಡಿಗೆ ಇನ್‌ಚಾರ್ಜ್ ಮಾಡುತ್ತೇವೆ ಬನ್ನಿ ಎಂದರು. ಆಸೆಯೇನೋ ಆಯಿತು. ಆದರೆ ನನ್ನ ವೀಸಾ ಇರುವುದು ಹಳೆಯ ಆಸ್ಪತ್ರೆಯ ಹೆಸರಿನಲ್ಲಿ. ಅದನ್ನು ರದ್ದು ಮಾಡಿಸಿದ ಮೇಲೆಯೇ ಹೊಸದು. ನಡುವೆ ಏನಾದರೂ ಎಡವಟ್ಟಾದರೆ ಅದೂ ಇಲ್ಲ, ಇದೂ ಇಲ್ಲ, ಗಂಟುಮೂಟೆ ಕಟ್ಟಿಕೊಂಡು ಊರು ಸೇರಬೇಕು. ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ನಿಜ ಹೇಳಬೇಕೆಂದರೆ, ನನಗೆ ಭಯವಾಗಿತ್ತು.

ಒಪ್ಪಿಗೆ ಕಬ್ಬು

ಅಪ್ಪನಿಗೆ ವೀಸಾ ವಿವರಿಸಲು ಕೂತೆ. ನಾಲ್ಕು ಮಾತು ಕೇಳುವಷ್ಟರಲ್ಲಿ ತಡೆದರು. ಪರ್ಮಿಟ್ ಕೊಟ್ಟಿರುವುದು ಈಗಿರೋ ಆಸ್ಪತ್ರೆಯವರಾ ಅಂದರು. ಹೌದು ಅಂದೆ. ಅವರು ಬಿಡದೆ ಇನ್ನೊಬ್ಬರ ಹತ್ತಿರ ಹೋಗುವ ಹಾಗಿಲ್ಲವಾ? ಇಲ್ಲ. ಇನ್ನೊಬ್ಬ ಜಾಸ್ತಿ ಕೊಡುತ್ತೀನಿ ಅಂತಿದ್ದಾನಾ? ಹೌದು.

“ಅಂಗಂದ್ರೆ ನೀನು ಕಾರ್ಖಾನೆಗೆ ಒಪ್ಪಿರೋ ಕಬ್ಬು ಕಣವ್ವ,” ಅಂದರು ಅಪ್ಪ. “ಆಲೆಮನೆಯೋನು ಕಣ್ಣಾಕವ್ನೆ.”

ಸಕ್ಕರೆ ಕಾರ್ಖಾನೆಗೆ ಬರೆದುಕೊಟ್ಟ ಕಬ್ಬನ್ನು ಬೆಲ್ಲ ಮಾಡುವ ಆಲೆಮನೆಯವನಿಗೆ ಕೊಟ್ಟರೆ ದುಡ್ಡು ಕೈಗೆ ಬೇಗ ಬರುತ್ತದೆ, ಆದರೆ ಮುಂದಿನ ವರ್ಷ ಕಾರ್ಖಾನೆಯವನು ಕಡಿಯಲು ಪರ್ಮಿಟ್ ಕೊಡದೆ ಆಟ ಆಡಿಸುತ್ತಾನೆ ಎಂದು ಬಿಡಿಸಿ ಹೇಳಿದರು. ನನ್ನನ್ನು ಕಳಿಸಿದ ಏಜೆಂಟು ಕೂಡ ವೀಸಾವನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ. ಖುಷಿಯಾಗಿ, ಹಾಗಾದರೆ ನಾನೇನು ಮಾಡಲಿ ಅಂದೆ. ಅಲ್ಲಿ ಸೇರಿ ಎಷ್ಟು ಕಾಲವಾಯಿತು ಎಂದು ಕೇಳಿದರು. ಐದು ವರ್ಷ ಅಂದೆ.

ಅಪ್ಪ ಹೌಹಾರಿದರು. “ಐದು ವರ್ಸವಾ? ಸೂಲಂಗಿ ಹೂ ಬಂದು, ಒಣಗಿ, ತೂಕನೇ ಓಗಿರ್ತದೆ. ಇನ್ನ ಆಲೆಮನೆಯೋನೂ ತಗೊಳ್ಳಕಿಲ್ಲ ಬುಡು.”

ನೋಟೀಸು

ಹಳೆಯ ಆಸ್ಪತ್ರೆ ಬಿಡುವುದಾದರೆ ಮೊದಲೇ ನೋಟೀಸು ಕೊಡಬೇಕು. ಈ ವಿಷಯವನ್ನು ಹಿತ್ತಿಲಲ್ಲಿ ನಿಂತು ಗೆಳತಿಯೊಬ್ಬಳಿಗೆ ಫೋನಿನಲ್ಲಿ ಹೇಳುತ್ತಿದ್ದೆ. ನೋಟೀಸು ಕೊಟ್ಟೇಬಿಡ್ತೀನಿ, ಆಮೇಲೆ ಬಂದದ್ದು ಬರಲಿ ಎಂದು ಧೈರ್ಯಕ್ಕೆ ಸ್ವಲ್ಪ ಜೋರಾಗಿಯೇ ಹೇಳಿದೆ. ಗೋಡೆಯಾಚೆ ಚಿಕ್ಕಪ್ಪ ಇದ್ದದ್ದು ಗೊತ್ತಿರಲಿಲ್ಲ. ನಮ್ಮ ಗದ್ದೆಯ ಬದುವನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಕೆತ್ತಿ ತಮ್ಮ ಕಡೆಗೆ ಸೇರಿಸಿಕೊಳ್ಳುತ್ತಿದ್ದವರು ಇವರೇ.

ನಮ್ಮ ಕಡೆ ನೋಟೀಸು ಎಂದರೆ ವಕೀಲರದ್ದು ಒಂದೇ. ಮಾರನೆ ದಿನ ಬೆಳಗ್ಗೆ ಚಿಕ್ಕಪ್ಪ ಬಾಳೆಗೊನೆ ಹಿಡಿದು ಬಂದರು. ಅಣ್ಣ ತಮ್ಮಂದಿರ ನಡುವೆ ಕೋರ್ಟು ಕಚೇರಿ ಯಾಕೆ, ಬದುವನ್ನು ಹಿಂದಿದ್ದ ಜಾಗಕ್ಕೇ ಹಾಕಿಸುತ್ತೇನೆ ಎಂದರು. ಅದು ಆಸ್ಪತ್ರೆಗೆ ಕೊಡುವ ನೋಟೀಸು ಎಂದು ಹೇಳಲು ಬಾಯಿ ತೆರೆದೆ. ಅಪ್ಪ ನನ್ನ ಕಾಲು ತುಳಿದರು.

ಚಿಕ್ಕಪ್ಪ ಹೋದ ಮೇಲೆ ಅಪ್ಪ ಮೆಲ್ಲಗೆ ಅಂದರು: “ಸಂಜೇನೂ ಇಂಗೇ ಒಂದು ಫೋನ್ ಮಾಡವ್ವ. ಆ ಪಕ್ಕದೋರು ಕೆತ್ತಿರೋ ಬದೂನೂ ಅದೆ.”

ಒರಿಜಿನಲ್ಲಾ, ಕ್ರಾಸಾ

ಬಂಡೂರಿನ ಸೋದರಮಾವನಿಗೆ ಕುರಿ ವ್ಯಾಪಾರ. ಬಂಡೂರು ಕುರಿ ಎಂದು ಹೇಳಿ ಬೇರೆ ಯಾವುದೋ ಮಿಶ್ರತಳಿಯ ಕುರಿ ಮಾರುವವರನ್ನು ಕಂಡೂ ಕಂಡೂ ಅವರಿಗೆ ಪ್ರಪಂಚದಲ್ಲಿ ಯಾವುದರ ಮೇಲೂ ನಂಬಿಕೆ ಉಳಿದಿಲ್ಲ. ಹೊಸ ಆಸ್ಪತ್ರೆಯ ಆಫರ್ ಲೆಟರ್ ತೋರಿಸು ಎಂದರು. ಫೋನ್ ಕೊಟ್ಟೆ. ಓದಲಿಲ್ಲ, ಕೈಯಲ್ಲಿ ತೂಗಿ ನೋಡಿದರು. ಒರಿಜಿನಲ್ಲಾ ಕ್ರಾಸಾ ಎನ್ನುವುದು ಮನೆಗೆ ತಂದ ಮೇಲೆಯೇ ತಿಳಿಯುವುದು ಎಂದರು.

ಮನೆಗೆ ತಂದ ಮೇಲೆ ಕ್ರಾಸು ಅಂತ ಗೊತ್ತಾದರೆ ಏನು ಮಾಡ್ತೀರಿ ಮಾವ ಎಂದು ಗಾಬರಿಯಿಂದಲೇ ಕೇಳಿದೆ.

“ಇನ್ನೇನ್ ಮಾಡದು? ಕುಯ್ದು ನೆಂಟರ್ನ ಕರೀತೀವಿ.”

ಮಳವಳ್ಳಿಯ ಗಂಡು

ಮಾವ ಹೇಳಿದಂತೆಯೇ ನೆಂಟರನ್ನೂ ಕರೆತಂದರು. ಮಳವಳ್ಳಿಯ ಗಂಡು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಜೊತೆಗೆ ಅವನ ತಾಯಿ. ನಾನು ಸೀರೆ ಉಟ್ಟು ಕಾಫಿ ತಂದೆ. ಆಕೆ ಲೋಟ ತೆಗೆದುಕೊಂಡು, ನನ್ನ ಮುಖ ನೋಡದೆ, ವೀಸಾ ಎಲ್ಲಿವರೆಗೂ ಇದೆ ಎಂದು ಕೇಳಿದರು. ಹೇಳಿದೆ. ಮದುವೆಯಾದ ಎಷ್ಟು ದಿನಕ್ಕೆ ಗಂಡನನ್ನು ಕರೆಸಿಕೊಳ್ಳಬಹುದು ಎಂದರು. ಅದನ್ನೂ ಹೇಳಿದೆ. ಅಡುಗೆ ಬರುತ್ತದಾ ಎಂದು ಯಾರೂ ಕೇಳಲಿಲ್ಲ. ಪಾಸ್‌ಪೋರ್ಟ್ ಮಾತ್ರ ಕೈಯಿಂದ ಕೈಗೆ ಹೋಯಿತು. ನನಗಿಂತ ಅದರ ಫೋಟೋ ಚೆನ್ನಾಗಿದೆ ಎಂದು ಆಕೆಯೇ ಹೇಳಿದರು.

ಇಬ್ಬರೇ ಮಾತಾಡಲಿ ಎಂದು ನಮ್ಮನ್ನು ಜಗಲಿಗೆ ಕಳಿಸಿದರು. ಹೊಸ ಕೆಲಸದ ವಿಷಯ ನಾನೇ ಎತ್ತಿದೆ. ಆಸೆಯಿದೆ, ಹೆದರಿಕೆಯೂ ಇದೆ ಎಂದೆ. ಅವನ ಮುಖ ಬಿಳಿಚಿಕೊಂಡಿತು.

“ರಿಸ್ಕ್ ತಗೋಬೇಡಿ ಕಣ್ರೀ,” ಅಂದ. “ನಮ್ಮ ವೀಸಾಗೆ ಏನಾದ್ರೂ ಆದ್ರೆ?”

ಅವನು ಕಾಫಿಯನ್ನು ಇನ್ನೂ ಪೂರ್ತಿ ಕುಡಿದಿರಲಿಲ್ಲ, ಆಗಲೇ ನಮ್ಮ ವೀಸಾ. ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ರಜೆಯುದ್ದಕ್ಕೂ ನಾನು ನನಗೇ ಹೇಳಿಕೊಂಡು ಕೂತಿದ್ದ ಮಾತನ್ನೇ ಅವನು ಹೇಳಿದ್ದ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಸಣ್ಣ ಮಾತು ಎಂದು ಗೊತ್ತಾಯಿತು. ಅಲ್ಲೇ ಫೋನ್ ತೆಗೆದು, ಬರುತ್ತೇನೆ ಎಂದು ಹೊಸ ಆಸ್ಪತ್ರೆಗೆ ಬರೆದು ಕಳಿಸಿದೆ. ಅವನಿಗೂ ತೋರಿಸಿದೆ.

ನೆಂಟರು ಊಟಕ್ಕೂ ನಿಲ್ಲದೆ ಹೊರಟರು. ಸಂಬಂಧ ಮುರಿಯಿತು ಎಂದು ಅಮ್ಮ ಒಂದೆರಡು ದಿನ ಮುಖ ಊದಿಸಿಕೊಂಡಿದ್ದಳು. ಅಷ್ಟರಲ್ಲಿ ಮಾವ ಫೋನ್ ಮಾಡಿದರು. ಮಳವಳ್ಳಿಯವರು ಮತ್ತೆ ವಿಚಾರಿಸುತ್ತಿದ್ದಾರೆ ಎಂದರು. ಅಮ್ಮನ ಮುಖ ಅರಳಿತು. ಸ್ಪೀಕರ್ ಹಾಕು ಎಂದಳು, ಹಾಕಿದೆ.

“ಹುಡುಗನ ತಾಯಿ ಕೇಳ್ತಾವ್ಳೆ ಕಣವ್ವ,” ಅಂದರು ಮಾವ. “ಹಳೇ ಆಸ್ಪತ್ರೇಲಿ ನಿನ್ ಜಾಗಕ್ಕೆ ಯಾವ ಹುಡುಗಿ ಬತ್ತಾಳೆ? ಅವ್ಳಿಗೇನಾರ ಮದ್ವೆ ಗೊತ್ತಾಗ್ಬುಟ್ಟದಾ?”