ಲಗೇಜ್ ಆಟೋಗೆ ಆಯುಷ್ಯ ಎಷ್ಟು?

"ಈ ಮಿಕ್ಸಿ ಇನ್ನೆಷ್ಟು ದಿನ ಬದುಕುತ್ತೆ, ಹೇಳು ನೋಡೋಣ ತಾಯಕ್ಕ!" ಎಂದು ಮೌನೇಶಾಚಾರ್ರು ಸೊಂಟದ ಮೇಲೆ ಕೈಯಿಟ್ಟು ಸವಾಲು ಹಾಕಿದರು.

"ನೀನು ರಿಪೇರಿ ಮಾಡದೆ ಇದ್ರೆ ಇನ್ನೂ ಹತ್ತು ವರ್ಷ ಬದುಕುತ್ತೆ," ಎಂದರು ತಾಯಮ್ಮ, ಚಟ್ನಿಗೆ ಕಾಯಿ ತುರಿಯುತ್ತಲೇ.

ಮೌನೇಶಾಚಾರ್ರದು ಪಕ್ಕದ ಮನೆ. ಬೀದಿಯ ತುದಿಯಲ್ಲಿ ಮೋಟಾರು, ಮಿಕ್ಸಿ ರಿಪೇರಿ ಅಂಗಡಿ. ಹೆಸರಿಟ್ಟ ಅಪ್ಪನಿಗೆ ಮಗನ ಬಾಯಿಯ ಅಂದಾಜಿರಲಿಲ್ಲ. ಅವರು ಈ ಸಲ ಹೊತ್ತು ತಂದಿದ್ದ ಯಂತ್ರಕ್ಕೆ ಹಳೇ ಕುಕ್ಕರಿನ ಹೊಟ್ಟೆ, ಹೊಲಿಗೆ ಯಂತ್ರದ ಚಕ್ರ, ತಲೆಯ ಮೇಲೆ ಗುಜರಿಯಲ್ಲಿ ತೂಕಕ್ಕೆ ತಂದ ಬಸ್‌ಸ್ಟ್ಯಾಂಡಿನ ಮೈಕು. ಹೊಟ್ಟೆಯಿಂದ ಎರಡು ವೈರುಗಳು ಜೋತಾಡುತ್ತಿದ್ದವು. ತುದಿಯಲ್ಲಿ ಹಲ್ಲುಕಿರಿಯುವ ಕ್ಲಿಪ್ಪುಗಳು.

"ಇದರ ಹೆಸರು ಆಯುಷ್ಯಸೂಚಿ! ಯಾವ ವಸ್ತುವಿಗೆ ಕಚ್ಚಿಸಿದರೂ ಅದರ ಕೊನೇ ದಿನ ಹೇಳುತ್ತೆ!"

ತಾಯಮ್ಮ ತಡೆಯುವಷ್ಟರಲ್ಲಿ ಕ್ಲಿಪ್ಪುಗಳು, ಮೊದಲ ಸುತ್ತಿನ ಚಟ್ನಿ ರುಬ್ಬುತ್ತಿದ್ದ ಮಿಕ್ಸಿಯನ್ನು ಕಚ್ಚಿದ್ದವು. ಚಕ್ರ ಗಿರ್ರೆಂದಿತು. ಮೈಕಿನೊಳಗಿಂದ, ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಬೆಳೆದಂಥ ಒಂದು ಹೆಣ್ಣುದನಿ ಕೇಳಿತು: "ಪ್ರಯಾಣಿಕರು ದಯವಿಟ್ಟು ಗಮನಿಸಿ. ಈ ವಸ್ತುವು ಇನ್ನು ಮೂರು ನಿಮಿಷಗಳಲ್ಲಿ ನಿರ್ಗಮಿಸಲಿದೆ."

ಬಾಗಿಲಿಗೆ ಒರಗಿ ನಿಂತಿದ್ದ ಸೊಸೆ ಜಲಜ ಗೋಡೆಯ ಗಡಿಯಾರ ನೋಡಿಕೊಂಡಳು. ಸರಿಯಾಗಿ ಮೂರನೇ ನಿಮಿಷಕ್ಕೆ ಜಾರಿನ ತಳದ ರಬ್ಬರು ಫಟ್ಟೆಂದು ಸಿಡಿಯಿತು. ಚಟ್ನಿ ಅರ್ಧ ಸೂರಿಗೆ, ಅರ್ಧ ಮೌನೇಶಾಚಾರ್ರ ಕನ್ನಡಕಕ್ಕೆ!

"ನೋಡಿದೆಯಾ? ನೋಡಿದೆಯಾ?" ಎಂದು ಏನೂ ಕಾಣದ ಆಚಾರ್ರು ಕುಣಿದಾಡಿದರು. "ವಸ್ತುವನ್ನ ಒಂದು ಚೂರು ಮುಂದಿನ ಕಾಲಕ್ಕೆ ನೂಕಿ, ಅಲ್ಲಿ ಅದರ ಗತಿ ಏನಾಗಿದೆ ಅಂತ ಇಣುಕಿ ಬರುತ್ತೆ!"

"ಅಂದ್ರೆ, ನೀನೇ ನೂಕಿ ಕೊಂದು, ನೀನೇ ಬಂದು ಸಾವಿನ ಸುದ್ದಿ ಹೇಳ್ತೀಯ!" ಎಂದರು ತಾಯಮ್ಮ.

ಜಲಜ ನಗಲಿಲ್ಲ. ಅವಳ ಕಣ್ಣು ಅಂಗಳದಲ್ಲಿ ನಿಂತಿದ್ದ ಲಗೇಜ್ ಆಟೋ ಮೇಲಿತ್ತು.

ಹಾಸನದ ಹದಿನಾಲ್ಕು ಹೋಟೆಲುಗಳ ಇಡ್ಲಿ, ದೋಸೆ ಜಲಜ ರುಬ್ಬುವ ಹಿಟ್ಟಿನಲ್ಲೇ ಬೇಯುತ್ತಿದ್ದವು. ರುಬ್ಬುವುದೂ ಅವಳೇ, ಆಟೋ ಓಡಿಸಿ ಮುಟ್ಟಿಸುವುದೂ ಅವಳೇ. ಕೊಂಡು ಮೂರು ವರ್ಷವಾದ ಆಟೋದ ವಾರಂಟಿ ಇವತ್ತಿಗೆ ಮುಗಿಯುತ್ತಿತ್ತು. ಇನ್ನೆರಡು ವರ್ಷಕ್ಕೆ ವಿಸ್ತರಿಸಬೇಕಾದರೆ ಸಂಜೆ ಐದರೊಳಗೆ ದುಡ್ಡು ಕಟ್ಟಿ ರುಜು ಹಾಕಬೇಕು. ಹೋದ ವಾರದಿಂದ ಇಂಜಿನ್ನು ಕಟಕಟ ಎನ್ನುತ್ತಿತ್ತು. ಇತ್ತ ಗ್ರೈಂಡರಿನ ಕಲ್ಲು ಸವೆದು, ಇಡ್ಲಿಯಲ್ಲಿ ತರಿ ಸಿಗುತ್ತಿದೆ ಎಂದು ಇಬ್ಬರು ಹೋಟೆಲಿನವರು ಮುಖ ಸಿಂಡರಿಸಿದ್ದರು. ಡಬ್ಬಿಯಲ್ಲಿದ್ದ ದುಡ್ಡು ಎರಡರಲ್ಲಿ ಒಂದಕ್ಕೆ ಮಾತ್ರ ಸಾಕು. ವಾರಂಟಿ ಮಾಡಿಸಿ ಗ್ರೈಂಡರು ಹೋದರೆ ಹಿಟ್ಟಿಲ್ಲ. ಗ್ರೈಂಡರು ಕೊಂಡು ಆಟೋ ಹೋದರೆ ಹಿಟ್ಟಿದ್ದೂ ಇಲ್ಲ. ಲಾರಿ ಓಡಿಸುವ ಗಂಡನಿಗೆ ಫೋನು ಮಾಡಿ ಕೇಳಿದರೆ, "ನಿಂಗೆ ತೋಚಿದಂಗೆ ಮಾಡು ಕಣೆ, ಘಾಟಿ ಇಳೀತಿದೀನಿ," ಎಂದು ಇಟ್ಟುಬಿಟ್ಟಿದ್ದ.

"ಆಚಾರ್ರೇ," ಎಂದಳು ಜಲಜ ಮೆಲ್ಲಗೆ, "ಇದು ಗಾಡಿಗೂ ಹೇಳುತ್ತಾ?"

"ವಿಮಾನಕ್ಕೂ ಹೇಳುತ್ತೆ ತಂಗೀ! ವಿಮಾನ ತರಿಸು!"

ಅಷ್ಟರಲ್ಲಿ ಬೈಕಿನ ಸದ್ದಾಯಿತು. ಶೋರೂಮಿನ ಚಂದ್ರಹಾಸ! ಬೆಳಗಿನಿಂದ ಒಂಬತ್ತು ಸಲ ಫೋನು ಮಾಡಿ, ಹತ್ತನೆಯದಕ್ಕೆ ತಾನೇ ಬಂದಿದ್ದ. ಕುತ್ತಿಗೆಗೆ ಟೈ, ಕೈಯಲ್ಲಿ ಪಿನ್ನು ಹೊಡೆದ ಫಾರಮ್ಮು, ಮುಖದ ತುಂಬ ಹಲ್ಲು.

"ಮೇಡಂ, ಇಲ್ಲೊಂದು ರುಜು, ಇಲ್ಲೊಂದು, ಇಲ್ಲೊಂದು."

"ಕ್ಲಚ್ಚು ಹೋದ್ರೆ ಇದರಲ್ಲಿ ಬರುತ್ತಾ?" ಎಂದಳು ಜಲಜ.

"ಅದು ಸವೆಯೋ ವಸ್ತು ಮೇಡಂ, ಬರಲ್ಲ."

"ಬ್ಯಾಟ್ರಿ?"

"ಅದು ಬ್ಯಾಟ್ರಿ ಕಂಪನಿಯವರಿಗೆ ಸೇರಿದ್ದು."

"ಬೆಲ್ಟು? ಕೇಬಲ್ಲು?"

"ರಬ್ಬರಿರೋದು ಯಾವುದೂ ಬರಲ್ಲ. ಆದ್ರೆ ಇಂಜಿನ್ನು, ಗೇರ್‌ಬಾಕ್ಸು ಪೂರ್ತಿ ಬರುತ್ತೆ! ಅದು ಕೂತ್ಕೊಂಡ್ರೆ ನೀವೂ ಕೂತ್ಕೊಳ್ತೀರ! ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನೆಮ್ಮದಿ ಬರುತ್ತೆ ಮೇಡಂ."

"ನೆಮ್ಮದಿಗೆ ರಬ್ಬರಿಲ್ವೇನಪ್ಪ?" ಎಂದರು ತಾಯಮ್ಮ.

ಮೌನೇಶಾಚಾರ್ರು ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಆಟೋ ಮುಂದೆ ಇಳಿಸಿದರು. "ಸುಮ್ನಿರಿ ಎಲ್ಲಾ! ಮಿಕ್ಸಿಗೆ ಮೂರು ನಿಮಿಷ ಅಂದಿತ್ತು, ನೋಡಿ, ಚಟ್ನಿ ಸೂರಿಗೆ ಅಂಟಿದೆ! ಇದಕ್ಕೂ ಯಂತ್ರವೇ ಹೇಳಲಿ!" ಒಂದು ಕ್ಲಿಪ್ಪನ್ನು ಹಿಟ್ಟಿನ ಡ್ರಮ್ಮುಗಳಿದ್ದ ಹಿಂಭಾಗದ ತಗಡಿಗೆ ಕಚ್ಚಿಸಿದರು. ನಾಳೆಯ ಹಿಟ್ಟಿನ ಡ್ರಮ್ಮುಗಳನ್ನು ಇವತ್ತು ಸಂಜೆಯೇ ಗಾಡಿಗೇರಿಸಿ ಗೋಣಿ ಹೊದಿಸುವುದು ಜಲಜಳ ಪದ್ಧತಿ. ಮಾರ್ಗಶಿರದ ಚಳಿಯಲ್ಲಿ ಬೆಳಗಿನ ಜಾವ ಎತ್ತುವ ಕಷ್ಟವಿಲ್ಲ. ಇನ್ನೊಂದು ಕ್ಲಿಪ್ಪಿಗೆ ಆಚಾರ್ರು ಗಾಡಿಯ ಮೂತಿಯ ಹತ್ತಿರ ಬಗ್ಗಿ ಜಾಗ ಹುಡುಕಿದರು. ಅಲ್ಲಿ ತಾಮ್ರದ ತಂತಿಯೊಂದು ಫಳಫಳ ಹೊಳೆಯಿತು. ಕಚ್ಚಿಸಿಯೇಬಿಟ್ಟರು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಈ ವಸ್ತುವು ಇನ್ನು ಎರಡು ದಿನಗಳಲ್ಲಿ ನಿರ್ಗಮಿಸಲಿದೆ. ಇದರ ಜೊತೆಗಿರುವ ಏಳು ಸಣ್ಣ ವಸ್ತುಗಳು ನಾಲ್ಕು ದಿನಗಳಲ್ಲಿ ನಿರ್ಗಮಿಸಲಿವೆ."

ಜಲಜ ಗಾಡಿಯ ಹತ್ತಿರ ಓಡಿ ಬಂದಳು.

"ಏಳು ಸಣ್ಣವು!" ಎಂದು ಆಚಾರ್ರು ಹಣೆ ಬಡಿದುಕೊಂಡರು. "ಗೇರಿನ ಹಲ್ಲು! ಒಂದೊಂದಾಗಿ ಉದುರುತ್ತವೆ!"

"ರುಜು ಹಾಕ್ತೀನಿ, ಪೆನ್ನು ಕೊಡಿ," ಎಂದು ಜಲಜ ಕೈ ಚಾಚಿದಳು.

ಆದರೆ ಪೆನ್ನು ಬರಲಿಲ್ಲ. ಚಂದ್ರಹಾಸ ಅಂಗಳದ ಮೂಲೆಗೆ ಹೋಗಿ ಬಾಯಿಗೆ ಕೈ ಅಡ್ಡ ಹಿಡಿದು ಮ್ಯಾನೇಜರಿಗೆ ಫೋನು ಮಾಡುತ್ತಿದ್ದ. "ಹೌದು ಸಾರ್... ಎರಡೇ ದಿನವಂತೆ ಸಾರ್... ಮಿಕ್ಸಿ ವಿಷಯದಲ್ಲಿ ನಿಜ ಆಗಿದೆ ಸಾರ್, ಸೂರಿಗೆ ಚಟ್ನಿ ಅಂಟಿದೆ..." ಬಂದವನೇ ಫಾರಮ್ಮನ್ನು ಚೀಲದೊಳಗೆ ತುರುಕಿ ಜಿಪ್ಪೆಳೆದ. ಹಲ್ಲೆಲ್ಲ ಮಾಯ!

"ಸಾರಿ ಮೇಡಂ. ಎರಡು ದಿನದಲ್ಲಿ ಸಾಯೋ ಗಾಡಿಗೆ ವಾರಂಟಿ ಕೊಟ್ರೆ ನನ್ನ ಕೆಲಸ ಎರಡು ದಿನವೂ ಉಳಿಯಲ್ಲ."

"ಈಗ ತಾನೇ ನೆಮ್ಮದಿ ಮಾರ್ತಿದ್ದೆಯಲ್ಲೋ!" ಎಂದು ತಾಯಮ್ಮ ತುರಿಮಣೆ ಬಿಟ್ಟೆದ್ದರು. "ಕೆಡಲ್ಲ ಅಂತ ಗೊತ್ತಿರೋ ಗಾಡಿಗಷ್ಟೇ ವಾರಂಟಿಯಾ? ಹಾಗಾದ್ರೆ ನಾನೂ ಕೊಡ್ತೀನಿ ಬಾ, ಇಡೀ ಊರಿಗೆ!"

"ರೂಲ್ಸು ಅಜ್ಜಿ, ರೂಲ್ಸು!"

"ನನ್ನ ಯಂತ್ರಕ್ಕೆ ಕಂಪನಿಯೇ ಹೆದರಿತು ನೋಡಿ!" ಎಂದು ಆಚಾರ್ರು ಎದೆ ಉಬ್ಬಿಸಿದರು.

ಮೂವರೂ ಒಟ್ಟಿಗೆ ಕೂಗಾಡುತ್ತಿದ್ದಾಗ ಜಲಜ ಒಬ್ಬಳೇ ಆಟೋ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ವೈರನ್ನು ಬೆರಳಲ್ಲೇ ಹಿಡಿದು ಕ್ಲಿಪ್ಪಿನವರೆಗೆ ಹೋದಳು. ಕ್ಲಿಪ್ಪಿನಿಂದ ತಂತಿಗೆ. ತಂತಿಯಿಂದ ಕೆಳಕ್ಕೆ. ಆಮೇಲೆ ಎಣಿಸಿದಳು. ಒಂದು, ಎರಡು, ಮೂರು... ಏಳು.

"ಅತ್ತೆ," ಎಂದಳು, "ನಿನ್ನೆ ಅಮಾವಾಸ್ಯೆಗೆ ದೃಷ್ಟಿಗೆ ಅಂತ ಕಟ್ಟಿದ್ರಲ್ಲ ನಿಂಬೆಹಣ್ಣು, ಮೆಣಸಿನಕಾಯಿ... ಯಾವುದರಲ್ಲಿ ಪೋಣಿಸಿದ್ರಿ?"

"ದಾರ ಹಾಕಿದ್ರೆ ಆ ಬೀದಿ ಮೇಕೆ ಪ್ರತಿ ಸಲ ತಿಂದ್ಹಾಕುತ್ತೆ ಅಂತ, ಮೌನೇಶನ ಅಂಗಡಿಯಿಂದ ಒಂದು ಮೊಳ ತಂತಿ ತಂದೆ. ಯಾಕೆ?"

ಎಲ್ಲರೂ ಬಗ್ಗಿ ನೋಡಿದರು. ತಂತಿಯ ತುದಿಯಲ್ಲಿ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ. ನಿನ್ನೆಯಷ್ಟೇ ಕಟ್ಟಿದ ಹಣ್ಣು ಈಗ ಖರ್ಜೂರದ ಹಾಗೆ ಸುಕ್ಕುಗಟ್ಟಿತ್ತು!

"ಹೌದೌದು," ಎಂದರು ಆಚಾರ್ರು ಗಂಟಲು ಸರಿಮಾಡಿಕೊಂಡು. "ಯಂತ್ರ ಸುಳ್ಳು ಹೇಳಿಲ್ಲ. ನಿಂಬೆಹಣ್ಣಿಗೆ ಎರಡು ದಿನ. ಸರಿಯಾಗೇ ಇದೆಯಲ್ಲ! ಹಸಿ ವಸ್ತು, ರಬ್ಬರು ಆದ್ರೆ ಸ್ವಲ್ಪ ಜಾಸ್ತಿ ನೂಕಿಬಿಡುತ್ತೆ. ಕಬ್ಬಿಣಕ್ಕೆ ಏನೂ ಮಾಡಲ್ಲ."

ಕ್ಲಿಪ್ಪನ್ನು ತಂತಿಯಿಂದ ಬಿಡಿಸಿ ಇಂಜಿನ್ನಿಗೇ ಕಚ್ಚಿಸಿದರು. ಚಕ್ರ ಬಹಳ ಹೊತ್ತು ತಿರುಗಿತು. ಹಿಂದಿನ ಗೋಣಿಯ ಕೆಳಗೆ ಏನೋ 'ಗುಳುಕ್' ಎಂದಿದ್ದು ಯಾರಿಗೂ ಕೇಳಲಿಲ್ಲ.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಈ ವಸ್ತುವು ಇನ್ನು ಹನ್ನೊಂದು ವರ್ಷಗಳ ನಂತರ ನಿರ್ಗಮಿಸಲಿದೆ. ಕಟಕಟ ಶಬ್ದಕ್ಕೆ ಒಂದು ಸಡಿಲ ಬೋಲ್ಟು ಕಾರಣ."

ಜಿಪ್ಪು ಸರ್ರೆಂದು ಬಿಚ್ಚಿಕೊಂಡಿತು. ಫಾರಮ್ಮು ಹೊರಬಂತು, ಹಲ್ಲುಗಳೂ ವಾಪಸು ಬಂದವು. "ಮೇಡಂ! ಇಂಥಾ ಗಟ್ಟಿಮುಟ್ಟಾದ ಗಾಡಿಗೆ ವಾರಂಟಿ ಮಾಡಿಸದೆ ಇರೋದುಂಟೇ? ಇಲ್ಲೊಂದು ರುಜು! ಬೇಗ ಮೇಡಂ, ಐದಾಗ್ತಾ ಬಂತು!"

ಫಾರಮ್ಮನ್ನು ಆಟೋದ ಹಿಂದಿನ ಹಲಗೆಯ ಮೇಲೆ ಹಾಸಿ, ಪೆನ್ನನ್ನು ಅವಳ ಕೈಗೇ ಇಟ್ಟ. ಜಲಜ ಪೆನ್ನನ್ನು ನೋಡಿದಳು. ಫಾರಮ್ಮನ್ನು ನೋಡಿದಳು. ಮೂಲೆಯಲ್ಲಿ ಹೊಡೆದಿದ್ದ ಪಿನ್ನನ್ನು ನೋಡಿದಳು. ಆಮೇಲೆ ಯಾರಿಗೂ ಹೇಳದೆ ಇಂಜಿನ್ನಿನ ಕ್ಲಿಪ್ಪು ಬಿಡಿಸಿ ತಂದು ಆ ಪಿನ್ನಿಗೆ ಕಚ್ಚಿಸಿದಳು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಈ ವಸ್ತುವು ಇನ್ನು ನಾಲ್ಕು ನಿಮಿಷಗಳಲ್ಲಿ ನಿರ್ಗಮಿಸಲಿದೆ."

ಚಂದ್ರಹಾಸನ ಹಲ್ಲು ಮತ್ತೆ ಮಾಯ!

"ನಾಲ್ಕು ನಿಮಿಷ ಬಾಳೋ ಕಾಗದ," ಎಂದಳು ಜಲಜ ತಲೆ ತಗ್ಗಿಸಿಕೊಂಡೇ, "ಹನ್ನೊಂದು ವರ್ಷ ಬಾಳೋ ಗಾಡೀನ ಹೇಗೆ ಕಾಯುತ್ತೆ?"

"ಮೇಡಂ, ಅದು ಕಾಗದದ ಆಯುಷ್ಯ! ವಾರಂಟಿದಲ್ಲ!" ಎಂದು ಚಂದ್ರಹಾಸ ಬೆವರೊರೆಸಿಕೊಂಡ. "ಕಾಗದಕ್ಕೇನಾಗುತ್ತೆ? ನಾನು ಇಲ್ಲೇ ಕಾವಲು ನಿಲ್ತೀನಿ!" ಹಾಗೆಂದವನು ಹಲಗೆಗೆ ಬೆನ್ನು ಕೊಟ್ಟು, ಕೈ ಕಟ್ಟಿ, ಬೀದಿಯ ಮೇಕೆಯನ್ನೇ ದುರುಗುಟ್ಟಿ ನೋಡುತ್ತ ನಿಂತ.

ಅಪಾಯ ಮೇಕೆಯ ಕಡೆಯಿಂದ ಬರಲಿಲ್ಲ. ಮೊದಲನೇ ಕ್ಲಿಪ್ಪು ಇನ್ನೂ ಹಿಂಭಾಗದ ತಗಡನ್ನು ಕಚ್ಚಿಕೊಂಡೇ ಇತ್ತು. ಯಂತ್ರ ಡ್ರಮ್ಮುಗಳನ್ನೂ ಮುಂದಿನ ಕಾಲಕ್ಕೆ ನೂಕುತ್ತಲೇ ಇತ್ತು. ಚಳಿಗೆ ಒಂದಿಡೀ ರಾತ್ರಿ ಹಿಡಿಯಬೇಕಾದ ಹುಳಿ ಅರ್ಧ ಗಂಟೆಯಲ್ಲಿ ಏರಿತ್ತು. ಗೋಣಿಚೀಲ ಬಸುರಿಯ ಹೊಟ್ಟೆಯ ಹಾಗೆ ಎದ್ದಿತು. ಒಳಗಿನ ಮನೆಯ ಗಡಿಯಾರ ಐದು ಹೊಡೆಯಲು ಶುರುವಿಟ್ಟಿತು.

ಭಡ್!

ಮೊದಲ ಮುಚ್ಚಳ ಸೀಬೆಮರಕ್ಕೆ ಹಾರಿತು. ಎರಡನೆಯದು ಆಚಾರ್ರ ತಾರಸಿಗೆ! ಬೆಳ್ಳಗಿನ ಹಿಟ್ಟು ಉಕ್ಕಿ, ಹಲಗೆ ದಾಟಿ, ಫಾರಮ್ಮನ್ನು ನುಂಗಿ, ಚಂದ್ರಹಾಸನ ಬೆನ್ನಿಳಿದು ಬೂಟಿನೊಳಗೆ ಹೊಕ್ಕಿತು. ಅವನು ಹಿಟ್ಟಿನೊಳಗೆ ಕೈಬಿಟ್ಟು ತಡಕಾಡಿದ. ಸಿಕ್ಕಿದ್ದು ಪಿನ್ನು ಮಾತ್ರ.

"ಇನ್ನೊಂದು ಫಾರಮ್ಮು ತರ್ತೀನಿ ಮೇಡಂ!"

"ಐದಾಯ್ತಲ್ಲ," ಎಂದಳು ಜಲಜ.

ಅವನು ಬೈಕು ಹತ್ತಿ ಹೊರಟಾಗ, ಹಿಂದೆಯೇ ಆ ಮೇಕೆ ಹಿಟ್ಟು ಮೆತ್ತಿದ ಅವನ ಟೈಯನ್ನು ನೆಕ್ಕಲು ಓಡಿತು.

ಜಲಜ ಉಳಿದ ಡ್ರಮ್ಮುಗಳ ಮುಚ್ಚಳ ತೆಗೆದು ನೋಡಿದಳು. ಹಿಟ್ಟು ಮಲ್ಲಿಗೆಯ ಹಾಗೆ ಅರಳಿತ್ತು. ಸಂಜೆ ದೋಸೆ ಹಾಕುವ ಮೂರು ಹೋಟೆಲಿಗೆ ಈಗಲೇ ಕೊಡಬಹುದು! ಸ್ಪ್ಯಾನರು ತಂದು ಇಂಜಿನ್ನಿನ ಸಡಿಲ ಬೋಲ್ಟು ಬಿಗಿದಳು. ಗಾಡಿ ಚಾಲೂ ಮಾಡಿದರೆ ಕಟಕಟ ಇಲ್ಲ.

"ಅತ್ತೆ, ಹಿಟ್ಟು ಕೊಟ್ಟು, ಬರುವಾಗ ಹೊಸ ಗ್ರೈಂಡರು ಹೇರಿಕೊಂಡೇ ಬರ್ತೀನಿ," ಎಂದು ಡಬ್ಬಿ ತೆಗೆದುಕೊಂಡಳು.

"ತಂಗೀ, ಈ ಯಂತ್ರವನ್ನೂ ನೀನೇ ಇಟ್ಕೋ!" ಎಂದು ಮೌನೇಶಾಚಾರ್ರು ಹಿಟ್ಟಿನ ಗಡ್ಡದೊಳಗಿಂದ ನಕ್ಕರು. "ಚಳಿಗಾಲದಲ್ಲಿ ಹಿಟ್ಟು ಹುಳಿ ಬರಿಸೋಕೆ ಇದನ್ನ ಬಿಟ್ಟರಿಲ್ಲ! ನಾನು ಕಂಡುಹಿಡಿದದ್ದೇ ಅದಕ್ಕೆ!"

ಜಲಜ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿದಳು. "ಇದಕ್ಕೆ ವಾರಂಟಿ ಎಷ್ಟು ವರ್ಷ ಆಚಾರ್ರೇ?"

"ನನ್ನ ಬಾಯಿಂದ ಯಾಕೆ? ಅದರ ಬಾಯಿಂದಲೇ ಕೇಳು!" ಎಂದು ಆಚಾರ್ರು ಎರಡೂ ಕ್ಲಿಪ್ಪುಗಳನ್ನು ಯಂತ್ರದ ಕುಕ್ಕರ್ ಹೊಟ್ಟೆಗೇ ಕಚ್ಚಿಸಿದರು.

ಚಕ್ರ ಗಿರ್ರೆಂದಿತು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಈ ವಸ್ತುವು ಇನ್ನು—"

ಅಷ್ಟೇ. ಒಂದು ಎಳೆ ಹೊಗೆ ಮೇಲೆದ್ದಿತು. ಚಕ್ರ ಕಳಚಿ ಅಂಗಳದಲ್ಲಿ ಎರಡು ಸುತ್ತು ಹೊಡೆದು ಮಲಗಿತು.

ತಾಯಮ್ಮ ಸೆರಗಿನಿಂದ ಮೂಗಿನ ಮೇಲಿದ್ದ ಹಿಟ್ಟು ಒರೆಸಿಕೊಂಡರು.

"ಅರವತ್ತೆಂಟು ವರ್ಷದಲ್ಲಿ," ಎಂದರು, "ಹೊರಡುತ್ತೆ ಅಂತ ಹೇಳ್ತಿದ್ದ ಹಾಗೇ ಹೊರಟ ಬಸ್ಸು ಅಂತ ನಾನು ಕಂಡದ್ದು ಇದೊಂದೇ."