ಟೋಪಿ ಬೆಂದ ಭಾನುವಾರ

"ಅಡುಗೆ ಅಂದ್ರೆ ಏನು ಬ್ರಹ್ಮವಿದ್ಯೆನಾ? ನಾಳೆ ಮಧ್ಯಾಹ್ನದ ಊಟ ನಂದು! ನೀನು ಒಲೆ ಹತ್ರ ಸುಳಿಯಕೂಡದು!"

ಶನಿವಾರ ಸಂಜೆ ಹೀಗೆಂದು ಗುಡುಗಿದವರು ಫೈಲ್ ಸಾಹೇಬರು. ಆಫೀಸಿನ ಹಳೆಯ ಕಡತಗಳ ಕೋಣೆಗೆ ಇಪ್ಪತ್ತಾರು ವರ್ಷಗಳಿಂದ ಅವರೇ ಚಕ್ರವರ್ತಿ, ಅದಕ್ಕೇ ಆ ಹೆಸರು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಮಾತ್ರ ಇಪ್ಪತ್ತಾರು ವರ್ಷಗಳಿಂದಲೂ ಅವರಿಗೆ ಗೊತ್ತಿರಲಿಲ್ಲ.

ಹೆಂಡತಿ ಹೆಣಿಗೆಯ ಕ್ರೋಶಾ ಕಡ್ಡಿಯಿಂದ ತಲೆ ಎತ್ತಲಿಲ್ಲ.

"ರೀ, ನಾಳೆ ಹುಡುಗಾಟ ಬೇಡ. ಕೈಗೆಲಸ ಕೇಂದ್ರದ ಮೇಡಂ ಮನೆಗೇ ಬರ್ತಿದಾರೆ. ಈ ಪಾಪುವಿನ ಟೋಪಿ ಅವರಿಗೆ ಹಿಡಿಸಿದ್ರೆ ಟೀಚರ್ ಕೆಲಸ ನಂಗೆ. ಇಲ್ಲಾಂದ್ರೆ ಹಿಂದಿನ ಬೀದಿಯವಳಿಗೆ."

"ಅದಕ್ಕೇ ಕಣೇ ಹೇಳ್ತಿರೋದು! ನೀನು ಆರಾಮಾಗಿ ಹೆಣಿ. ಮೇಡಂನ ಊಟಕ್ಕೂ ಕರೆದುಬಿಡು. ನನ್ನ ಕೈರುಚಿ ನೋಡಿ ಆರ್ಡರ್‌ಗೆ ಅಲ್ಲೇ ಸಹಿ ಹಾಕ್ತಾರೆ!"

ಹೆಂಡತಿಗೆ ಆ ಕೆಲಸ ಬೇಕೇ ಬೇಕಿತ್ತು. ಮಗಳನ್ನು ಬೆಳೆಸಿ, ಓದಿಸಿ, ಮದುವೆ ಮಾಡಿ ಕಳಿಸುವಷ್ಟರಲ್ಲಿ ಅವಳ ಅರ್ಧ ಆಯಸ್ಸು ಮುಗಿದಿತ್ತು. ಇನ್ನಾದರೂ ತನ್ನದೇ ಒಂದು ಕೆಲಸ, ತಾನು ಕೂರಲೆಂದೇ ಒಂದು ಕುರ್ಚಿ ಇರಲಿ ಎಂಬುದು ಅವಳ ಹಂಬಲ. ನಾಲ್ಕು ದಿನದಿಂದ ಆ ನೀಲಿ ಟೋಪಿಯನ್ನು ಹೆಣೆದು, ಒಪ್ಪಿಗೆಯಾಗದೆ ಬಿಚ್ಚಿ, ಮತ್ತೆ ಹೆಣೆದಿದ್ದಳು.

ಭಾನುವಾರ ಹನ್ನೊಂದಕ್ಕೆ ಟೋಪಿ ಮುಗಿಯಿತು. ಅಂಚಿನ ಒಂದೇ ಒಂದು ಸುತ್ತು ಬಾಕಿ, ಅದನ್ನು ಮೇಡಂ ಕಣ್ಣೆದುರೇ ಹೆಣೆದು ತೋರಿಸಬೇಕಿತ್ತು. ಆಕಾರ ಕೆಡದಿರಲೆಂದು ಅದನ್ನು ಮಗುಚಿಟ್ಟ ಬೋಗುಣಿಗೆ ತೊಡಿಸಿ, ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟು, ಕರವಸ್ತ್ರ ಹೊದಿಸಿದಳು. ಉಳಿದ ಚೂರು ದಾರದ ಉಂಡೆ ಪರದೆಯ ಕೆಳಗಿಂದ ಅಡುಗೆಮನೆಯೊಳಗೆ ಉರುಳಿದ್ದು ಅವಳಿಗೆ ಕಾಣಲಿಲ್ಲ. ಕ್ರೋಶಾ ಹೆಣಿಗೆಯ ಗುಣವೇ ವಿಚಿತ್ರ. ಕೊನೆಯ ಕುಣಿಕೆಯನ್ನು ಭದ್ರ ಮಾಡುವವರೆಗೂ ದಾರ ಎಳೆದರೆ ಇಡೀ ಹೆಣಿಗೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಆ ಮನೆಯಲ್ಲಿ ಈ ಸಂಗತಿ ಒಬ್ಬರಿಗೆ ಮಾತ್ರ ಗೊತ್ತಿತ್ತು, ಅವಳು ಸ್ನಾನಕ್ಕೆ ಹೋದಳು.

ಇತ್ತ ಸಾಹೇಬರು ಫ್ರಿಜ್ಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಇದ್ದದ್ದು ಒಂದು ಎಲೆಕೋಸು, ಆರು ಆಲೂಗಡ್ಡೆ, ಒಂದಿಷ್ಟು ಟೊಮೆಟೊ. ಪುಸ್ತಕ ನೋಡಿ ಅಡುಗೆ ಮಾಡುವವರು ಹೇಡಿಗಳು! ಆಲೂಗಡ್ಡೆ ಬೇಯಿಸಿ, ಕಿವುಚಿ, ಕೈಗೆ ಸಿಕ್ಕ ಪುಡಿಗಳನ್ನೆಲ್ಲ ಭೇದಭಾವವಿಲ್ಲದೆ ಸುರಿದರು. ಅದನ್ನು ಎಲೆಕೋಸಿನ ಎಲೆಗಳಲ್ಲಿ ಮಡಚಿ ಹದಿನೆಂಟು ಪೊಟ್ಟಣ ಮಾಡಿ, ಕುದಿಯುವ ಟೊಮೆಟೊ ರಸಕ್ಕೆ ಒಂದನ್ನು ಬಿಟ್ಟರು. ಪೊಟ್ಟಣ ಒಂದೇ ನಿಮಿಷಕ್ಕೆ ಬಾಯಿ ಬಿಟ್ಟು ಒಳಗಿದ್ದದ್ದನ್ನೆಲ್ಲ ಕಕ್ಕಿತು.

ಬೇರೆ ಯಾರಾದರೂ ಆಗಿದ್ದರೆ ಎದೆಗುಂದುತ್ತಿದ್ದರು. ಆದರೆ ಇವರು ಫೈಲ್ ಸಾಹೇಬರು! ಬಾಯಿ ಬಿಟ್ಟ ಕಡತಗಳನ್ನು ಜೀವಮಾನವಿಡೀ ಕಟ್ಟಿದವರು! ಉದ್ದಕ್ಕೆ ನಾಲ್ಕು ಸುತ್ತು, ಅಡ್ಡಕ್ಕೆ ನಾಲ್ಕು ಸುತ್ತು, ಮೇಲೆ ಮೂರು ಗಂಟು. ಅವರು ಕಟ್ಟಿದ್ದನ್ನು ಇಡೀ ಆಫೀಸಿನಲ್ಲಿ ಯಾರೂ ಬಿಚ್ಚಿದ್ದಿಲ್ಲ, ಕತ್ತರಿಸುವುದೇ ವಾಡಿಕೆ. ಬಿಚ್ಚಿಹೋದ ಪೊಟ್ಟಣವನ್ನು ಸೌಟಿನಿಂದ ಎತ್ತಿ, ಕೂಡಿಸಿ, ದಾರಕ್ಕಾಗಿ ಸುತ್ತಲೂ ಕಣ್ಣಾಡಿಸಿದರು. ಕಾಲ ಬಳಿಯೇ ಉಂಡೆ! ಎಳೆದರು, ಬಂತು. ಕತ್ತರಿಸಿ ಕಟ್ಟಿ, ಕುದಿಯುವ ರಸಕ್ಕೆ ಬಿಟ್ಟರು. ಮತ್ತೆ ಎಳೆದರು, ಮತ್ತೆ ಬಂತು. ಉಂಡೆ ಖಾಲಿಯಾದ ಮೇಲೂ ಪರದೆಯ ಆಚೆಯಿಂದ ದಾರ ಬರುತ್ತಲೇ ಇತ್ತು. ಆಚೆ ಬಗ್ಗಿ ನೋಡೋಣವೆಂದರೆ, ಒಲೆ ಬಿಟ್ಟು ಕದಲಬೇಡಿ ಎಂದು ಹೆಂಡತಿಯ ಕಟ್ಟಪ್ಪಣೆ. ಆಕೆಯ ಮಾತನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದು ಅದೇ ಮೊದಲು.

"ಲೇ! ಎಂಥಾ ದಾರ ಕಣೇ ಇದು! ಎಳೆದಷ್ಟೂ ಬರ್ತಾನೇ ಇದೆ!"

"ಏನಂದ್ರಿ? ನೀರಿನ ಸದ್ದಿಗೆ ಕೇಳಿಸ್ತಿಲ್ಲ!"

"ಚೆನ್ನಾಗಿದೆ ಅಂದೆ!"

ಹದಿನೆಂಟನೆಯ ಪೊಟ್ಟಣಕ್ಕೆ ಗಂಟು ಬಿದ್ದಾಗ ಅವರಿಗೆ ತಮ್ಮ ಮೇಲೆ ತಮಗೇ ಗೌರವ ಹುಟ್ಟಿತು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಮೇಡಂ ಬಂದರು. ದಪ್ಪ ಕನ್ನಡಕ, ಕಂಕುಳಲ್ಲಿ ಚೀಲ, ಮುಖದಲ್ಲಿ ನಗುವಿನ ಸುಳಿವಿಲ್ಲ. ಹೆಂಡತಿ ಅವರನ್ನು ಕೂರಿಸಿ, ನಗುನಗುತ್ತಾ ಕರವಸ್ತ್ರ ಎತ್ತಿದಳು. ಬೋಗುಣಿ ಫಳಫಳ ಹೊಳೆಯುತ್ತಿತ್ತು! ಅದರ ನೆತ್ತಿಯ ಮೇಲೆ ಅಂಗಿಯ ಗುಂಡಿಯಷ್ಟು ನೀಲಿ ಬಿಲ್ಲೆ, ಅದರಿಂದ ಹೊರಟ ದಾರ ಕುರ್ಚಿ ಇಳಿದು, ಪರದೆಯ ಅಡಿಯಲ್ಲಿ ನುಸುಳಿ ಅಡುಗೆಮನೆ ಸೇರಿತ್ತು. ಹೆಂಡತಿ ದಾರ ಹಿಡಿದು ನಡೆದಳು. ಹಿಂದೆ ಮೇಡಂ.

"ರೀ, ನನ್ನ ಟೋಪಿ ಎಲ್ಲಿ?"

ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದ ಸಾಹೇಬರು ದಾರ ನೋಡಿದರು, ಪಾತ್ರೆ ನೋಡಿದರು. ಪಾತ್ರೆಯಲ್ಲಿ ದಾರ ನೀಲಿ ಬಣ್ಣ ಬಿಟ್ಟು ಟೊಮೆಟೊ ರಸವೆಲ್ಲ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಬೇ... ಬೇಯ್ತಾ ಇದೆ."

ಹೆಂಡತಿಯ ಕಣ್ಣು ತುಂಬಿತು. ಅವಳು ಬಯ್ದಿದ್ದರೆ ಸಾಹೇಬರು ತಿರುಗಿ ವಾದಿಸುತ್ತಿದ್ದರೇನೋ. ಅವಳು ಬಯ್ಯಲಿಲ್ಲ. ಸಾಹೇಬರು ಕತ್ತರಿ ಕೆಳಗಿಟ್ಟು ಮೇಡಂ ಕಡೆ ತಿರುಗಿದರು.

"ಮೇಡಂ, ತಪ್ಪೆಲ್ಲ ನಂದು. ಟೋಪಿ ಇದ್ದಿದ್ದು ನಿಜ. ಇವಳ ಕೆಲಸ ತಪ್ಪಿಸಬೇಡಿ. ಸಾಕ್ಷಿ ಇದೆ!"

"ಸಾಕ್ಷಿ ಬೆಂದುಹೋಗಿದೆಯಲ್ರೀ?" ಎಂದರು ಮೇಡಂ.

"ಎಲ್ಲಾ ತುಂಡೂ ಬಿಚ್ಚಿ, ಅಳೆದು, ಒಂದು ಟೋಪಿಯಷ್ಟು ದಾರ ಇದೆ ಅಂತ ಸಾಬೀತು ಮಾಡ್ತೀನಿ!"

ಸಾಹೇಬರು ಪೊಟ್ಟಣಗಳನ್ನು ತಟ್ಟೆಗೆ ಸುರಿದುಕೊಂಡು ಬಿಚ್ಚಲು ಕೂತರು. ಉಗುರು ಹಾಕಿದರು, ಉಗುರು ಮುರಿಯಿತು. ಫೋರ್ಕ್ ಹಾಕಿದರು, ಅದು ಬಾಗಿತು. ಹಲ್ಲು ಹಾಕಿದರು, ತುಟಿ ಸುಟ್ಟಿತು! ಇಪ್ಪತ್ತಾರು ವರ್ಷ ಊರಿಗೆಲ್ಲ ಕಟ್ಟಿಕೊಟ್ಟ ಗಂಟುಗಳ ಹಣೆಬರಹ ಅವರಿಗೆ ಅಂದು ಗೊತ್ತಾಯಿತು. ಕೊನೆಗೆ ಕತ್ತರಿಗೆ ಕೈ ಹಾಕಿದರು.

"ಇನ್ನೂ ಚೂರು ಮಾಡ್ಬೇಡಿ. ಈ ಕಡೆ ಕೊಡಿ," ಎಂದಳು ಹೆಂಡತಿ.

ಕಣ್ಣೊರೆಸಿಕೊಂಡು ಕ್ರೋಶಾ ಕಡ್ಡಿ ತೆಗೆದುಕೊಂಡಳು. ಅದರ ಕೊಕ್ಕಿನ ತುದಿಯನ್ನು ಗಂಟಿನೊಳಗೆ ತೂರಿಸಿ, ಒಮ್ಮೆ ತಿರುವಿ, ಮೆಲ್ಲಗೆ ಎತ್ತಿದಳು. ಮೂರೂ ಗಂಟು ಒಂದರ ಹಿಂದೊಂದು ಸಡಿಲವಾದವು. ಎಲೆ ಹರಿಯಲಿಲ್ಲ, ದಾರ ತುಂಡಾಗಲಿಲ್ಲ. ಎರಡನೆಯದು, ಮೂರನೆಯದು... ಮೇಡಂ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಅರ್ಧ ಗಂಟೆಯಲ್ಲಿ ಹದಿನೆಂಟೂ ಬಿಚ್ಚಿದ್ದವು.

"ಇಷ್ಟಾದ್ರೂ ಒಂದು ಮಾತೂ ಬಯ್ಯಲಿಲ್ವಲ್ಲಮ್ಮ ನೀವು?"

"ಬಯ್ದರೆ ಕೈ ನಡುಗುತ್ತೆ ಮೇಡಂ. ಬಯ್ಯೋದೆಲ್ಲ ನೀವು ಹೋದ್ಮೇಲೆ."

ಮೇಡಂ ಮೊದಲ ಬಾರಿಗೆ ನಕ್ಕರು.

"ಟೋಪಿ ಹೆಣೆಯೋರು ಬೀದಿಗೆ ಹತ್ತು ಜನ ಸಿಕ್ತಾರೆ. ಹೊಸಬರು ದಿನಾ ದಾರ ಸಿಕ್ಕು ಮಾಡ್ಕೊಂಡು ಅಳ್ತಾ ಕೂತಿರ್ತಾರಲ್ಲ, ಅದನ್ನ ಬಿಡಿಸೋ ಟೀಚರ್ ಸಿಗದೆ ನಾನು ಒದ್ದಾಡ್ತಿದ್ದೆ. ಸೋಮವಾರದಿಂದಾನೇ ಬನ್ನಿ."

ಹೆಂಡತಿ ಕಡ್ಡಿಯನ್ನು ಎದೆಗೊತ್ತಿಕೊಂಡು ಹಾಗೇ ಕೂತುಬಿಟ್ಟಳು. ಪೊಟ್ಟಣದ ರುಚಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ, ಮೂವರೂ ಬ್ರೆಡ್ಡು ಬಾಳೆಹಣ್ಣು ತಿಂದರು. ಎರಡು ಹಣ್ಣು ಒಳಗೆ ಹೋಗುತ್ತಿದ್ದಂತೆ ಸಾಹೇಬರಿಗೆ ಜೀವ ಬಂತು.

"ಅಂತೂ ನನ್ನ ಅಡುಗೆಯಿಂದಾನೇ ಕೆಲಸ ಸಿಕ್ತು ಅನ್ನಿ! ಮೇಡಂ, ಭಾನುವಾರ ನಂಗೂ ಬಿಡುವು. ನಾನೂ ಕೇಂದ್ರಕ್ಕೆ ಬಂದು ಕ್ರೋಶಾ ಕಲೀಲಾ?"

ಮೇಡಂ ಕನ್ನಡಕ ಸರಿಮಾಡಿಕೊಂಡು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕಲಿಯೋದು ಬೇಡ ಸ್ವಾಮಿ. ವರ್ಷಕ್ಕೊಂದು ಸಲ ಬಂದು ಒಂದು ಬುಟ್ಟಿ ದಾರಕ್ಕೆ ಗಂಟು ಹಾಕಿ ಹೋಗಿ, ಸಾಕು. ಪರೀಕ್ಷೆಗೆ ಕಷ್ಟದ ಪ್ರಶ್ನೆ ಬೇಕಾಗುತ್ತೆ."