ಹಲ್ಲು ಕಿತ್ತ ದಿನ ಬಾಯಿ ತುಂಬ ನೀರು

ಬುಧವಾರ, ಬೆಳಿಗ್ಗೆ ಹತ್ತು ಗಂಟೆ, ವಿಲೆ ಪಾರ್ಲೆಯ ಹಲ್ಲಿನ ಕ್ಲಿನಿಕ್ಕು. ಹಾಜರಿದ್ದವರು: ವೈದ್ಯೆ, ನನ್ನ ಹೆಂಡತಿ ಸರೋಜ, ನಾನು, ಮತ್ತು ನನ್ನ ಕೆಳದವಡೆಯ ಎಡಗಡೆಯ ಹಲ್ಲು. ಸಭೆ ಮುಗಿದಾಗ ಒಬ್ಬರು ಕಡಿಮೆಯಾಗಿದ್ದರು.

ಹಲ್ಲುನೋವು ಬೇರೆಯವರಿಗೆ ಬರೀ ನೋವು. ಶಿಸ್ತಿನ ಮನುಷ್ಯನಿಗೆ ಅವಮಾನ. ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯ ಆಫೀಸಿನಲ್ಲಿ ದುಡಿದು, ಈಗ ಬೊರಿವಲಿಯಲ್ಲಿ ನಿವೃತ್ತನಾಗಿ ಕೂತಿರುವ ನಾನು, ಏನು ತಿಂದರೂ ಬಾಯಿ ಮುಕ್ಕಳಿಸದೆ ಕೂತವನಲ್ಲ. ಊಟವಾಗಲಿ, ಒಂದೇ ಒಂದು ದ್ರಾಕ್ಷಿಯಾಗಲಿ, ಎದ್ದು ಹೋಗಿ ಮುಕ್ಕಳಿಸಿ ಉಗುಳಿದರೇ ತಿಂದದ್ದು ಮುಗಿದ ಹಾಗೆ. ನನ್ನ ಮುಕ್ಕಳಿಕೆ ಶುರುವಾದರೆ ಮೇಲಿನ ಮಹಡಿಯವರು ಟೀವಿಯ ಸದ್ದು ಏರಿಸುತ್ತಾರೆಂದು ಸರೋಜ ಹೇಳುತ್ತಾಳೆ. ಮನೆಯವರಿಗೂ ಇದೇ ಕಾನೂನು. ಮರಾಠಿ ಮನೆಯಿಂದ ಬಂದ ಸೊಸೆ ಮೃಣಾಲ್, ಹೊಸತರಲ್ಲಿ ಬಿಸ್ಕತ್ತು ತಿಂದು ಹಾಗೇ ಸೋಫಾದಲ್ಲಿ ಕೂತಿದ್ದಳು. ನಾನು ಎದ್ದು ಹೋಗಿ ವಾಷ್‌ಬೇಸಿನ್ನಿನ ದೀಪ ಹಾಕಿದೆ. ಜಾಣೆ, ಅರ್ಥ ಮಾಡಿಕೊಂಡಳು. ಇಷ್ಟು ಕಾವಲಿದ್ದರೂ ಹುಳುಕು ಯಾವ ದಾರಿಯಲ್ಲಿ ಒಳಗೆ ಬಂತೋ ತಿಳಿಯದು.

ಹಲ್ಲು ಕೀಳುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗೆ, ಎಳೆದರಾಯಿತು ಎಂದುಕೊಂಡಿದ್ದೆ. ಉಡುಪಿ ಕಡೆಯವರಾದ ವೈದ್ಯೆ ಇಕ್ಕಳದಲ್ಲಿ ಹಲ್ಲು ಹಿಡಿದದ್ದೇ ತಡ, ಸಹಕರಿಸೋಣವೆಂದು ನಾನು ತಲೆಯನ್ನು ಹಿಂದಕ್ಕೆ ಜಗ್ಗಿದೆ.

“ಎಂತ ಮಾಡ್ತಿದ್ದೀರಿ ಅಂಕಲ್, ಹಗ್ಗಜಗ್ಗಾಟವಾ?” ಎಂದರು ಅವರು. “ಎಳೆಯುವುದಲ್ಲ ಇದು. ಮೊದ್ಲು ಒಳಗೆ ಒತ್ತಬೇಕು. ಮತ್ತೆ ಆಚೆ ಈಚೆ ಸ್ವಲ್ಪ ಸ್ವಲ್ಪ ಆಡಿಸಿ ಜಾಗ ಮಾಡ್ಬೇಕು. ರಶ್ ಇರುವ ಲೋಕಲ್‌ನಿಂದ ಹೇಗೆ ಇಳೀತೀರಿ? ಸೀದಾ ಹಾರ್ತೀರಾ?”

ಪಾರ್ಲೆಯಲ್ಲಿ ಇಳಿಯಬೇಕಾದರೆ ನಾಲ್ಕು ಸ್ಟೇಷನ್ ಮೊದಲು, ಗೋರೆಗಾಂವ್‌ನಲ್ಲೇ ಬಾಗಿಲಿಗೆ ಬಂದು ನಿಲ್ಲುವವನು ನಾನು ಎಂದು ಹೇಳಬೇಕೆನಿಸಿತು. ಬಾಯಲ್ಲಿ ಅವರ ಕೈಯಿತ್ತು. ಹಲ್ಲು ಒತ್ತಿಸಿಕೊಂಡು, ಓಲಾಡಿ, ಕೊನೆಗೆ ತನ್ನ ಸ್ಟೇಷನ್ ಬಂತೆಂಬಂತೆ ಇಳಿದು ಬಂತು.

ಆಮೇಲೆ ಬಂತು ನಿಜವಾದ ಶಿಕ್ಷೆ. “ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಗಾಯಕ್ಕೆ ಅದೇ ಮುಚ್ಚಳ. ನಾಳೆ ಬೆಳಿಗ್ಗೆವರೆಗೆ ಮುಕ್ಕಳಿಸುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೆಪ್ಪು ಕಿತ್ತು ಬಂದ್ರೆ ಹಲ್ಲುನೋವೇ ವಾಸಿ ಇತ್ತು ಅಂತೀರಿ.”

ಸರೋಜ ಕೈಮುಗಿದಳು. “ಡಾಕ್ಟ್ರೇ, ಬೇಕಾದ್ರೆ ಇನ್ನೊಂದು ಹಲ್ಲು ಕಿತ್ತುಬಿಡಿ. ಮುಕ್ಕಳಿಸಬೇಡಿ ಅಂತ ಮಾತ್ರ ಇವರಿಗೆ ಹೇಳ್ಬೇಡಿ.”

ಮನೆಗೆ ಬಂದು, ಗಾಯದ ಮೇಲೆ ವೈದ್ಯೆ ಇಟ್ಟಿದ್ದ ಹತ್ತಿಯನ್ನು ಹೇಳಿದಷ್ಟು ಹೊತ್ತು ಕಚ್ಚಿ, ತೆಗೆದೆ. ತಣ್ಣಗಿನ ಮೊಸರನ್ನವನ್ನು ಬಲಗಡೆಯಲ್ಲೇ ಮೆದ್ದೆ. ಎಲ್ಲವೂ ನಿಯಮದಂತೆ. ಊಟ ಮುಗಿಸಿ ಎದ್ದೆ. ಅಲ್ಲಿಂದ ಮುಂದಿನದನ್ನು ನಾನು ಮಾಡಲಿಲ್ಲ, ನನ್ನ ಕಾಲುಗಳು ಮಾಡಿದವು. ಎಚ್ಚರವಾದಾಗ ಬೇಸಿನ್ನಿನ ಮುಂದೆ ನಿಂತಿದ್ದೆ. ಬಾಯಿ ತುಂಬ ನೀರಿತ್ತು.

“ರೀ! ಮುಕ್ಕಳಿಸಬೇಡಿ!” ಎಂದು ಸರೋಜ ಕೂಗಿದಳು.

“ಬಾಬಾ, ಥುಂಕೂ ನಕಾ!” ಎಂದಳು ಮೃಣಾಲ್. ಉಗುಳಬೇಡಿ ಎನ್ನುವುದು ಗಾಬರಿಯಲ್ಲಿ ಅವಳಿಗೆ ಕನ್ನಡದಲ್ಲಿ ಬರಲಿಲ್ಲ.

ಕೆನ್ನೆ ಉಬ್ಬಿಸಿಕೊಂಡು ನಿಂತೆ. ಉಗುಳಿದರೆ ಹೆಪ್ಪು ಹೋಗುತ್ತದೆ. ನುಂಗೋಣವೆಂದರೆ, ಅದು ಎಂಜಲು ತೊಳೆಯಲು ತೆಗೆದುಕೊಂಡ ನೀರು. ಚರಂಡಿಗೆ ಹೋಗಬೇಕಾದದ್ದನ್ನು ಹೊಟ್ಟೆಗೆ ಕಳಿಸುವುದುಂಟೆ?

“ನುಂಗಿಬಿಡ್ರೀ, ಯಾರಿಗೂ ಹೇಳಲ್ಲ,” ಎಂದಳು ಸರೋಜ. ಆಗದೆಂದು ತಲೆಯಾಡಿಸಿದೆ. “ಅಯ್ಯೋ, ತಲೆ ಅಲ್ಲಾಡಿಸಬೇಡಿ, ಅದೂ ಮುಕ್ಕಳಿಸಿದ ಹಾಗೇ!”

ಮೃಣಾಲ್ ವೈದ್ಯೆಗೆ ಫೋನು ಮಾಡಿ ನನ್ನ ಮುಂದೆ ಹಿಡಿದಳು. “ಹೇಳಿ ಅಂಕಲ್, ಏನಾಯ್ತು?” “ಮ್ಮ್,” ಎಂದೆ. “ಸರಿ ಕೇಳ್ತಾ ಇಲ್ಲ, ಸ್ವಲ್ಪ ಬಾಯಿ ಬಿಟ್ಟು ಹೇಳಿ.” ಮೃಣಾಲ್ ವಿಷಯ ತಿಳಿಸಿದಳು. ಆ ಕಡೆ ಒಂದಷ್ಟು ಹೊತ್ತು ನಗುವೇ ಕೇಳಿಸಿತು. “ಬೇಸಿನ್ ಮೇಲೆ ಬಗ್ಗಿ ಬಾಯಿ ತೆರೀಲಿ. ನೀರು ತಾನೇ ಬೀಳ್ತದೆ. ಅವ್ರು ಏನೂ ಮಾಡ್ಬಾರ್ದು, ಅಷ್ಟೇ.”

ಏನೂ ಮಾಡದಿರುವುದು! ನಾನು ಕಲಿಯದ ಒಂದೇ ಕೆಲಸ. ಬಗ್ಗಿದೆ, ಬಾಯಿ ತೆರೆದೆ. ಹಾಲುಗಲ್ಲದ ಕೂಸಿನ ಬಾಯಿಂದ ಬಿದ್ದಂತೆ ಜೊಲ್ಲು ಸೇರಿದ ನೀರು ತೊಟ್ಟಿಕ್ಕಿತು. ಮೃಣಾಲ್ ಮೊಬೈಲಿನ ಟಾರ್ಚ್ ಹಾಕಿ ಒಳಗೆ ನೋಡಿದಳು. “ಕೆಂಪು ಹೆಪ್ಪು ಅಲ್ಲೇ ಇದೆ ಬಾಬಾ. ಸೇಫ್!”

ಸಂಜೆ ವೈದ್ಯೆಯ ಅಪ್ಪಣೆಯಂತೆ ಐಸ್‌ಕ್ರೀಮ್ ಬಂತು, ಮೂವರೂ ತಿಂದೆವು. ತಿಂದಾದ ಮೇಲೆ ಮೃಣಾಲ್ ಏಳಲಿಲ್ಲ. ಕಾಲು ಮಡಚಿ ಸೋಫಾದಲ್ಲೇ ಕೂತು ಟೀವಿ ಹಾಕಿದಳು. ಸರೋಜ ಒಮ್ಮೆ ನನ್ನನ್ನು ನೋಡಿ, ಚಮಚ ನೆಕ್ಕಿ, ತಾನೂ ಅವಳ ಪಕ್ಕ ಒರಗಿದಳು. ನಾನು ಬಾಯಿ ತೆರೆದೆ.

“ಮಾತಾಡ್ಬೇಡಿ, ಹೆಪ್ಪು!” ಎಂದಳು ಸರೋಜ.

ಮಾತಾಡಬಾರದೆಂದು ವೈದ್ಯೆ ಹೇಳಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ. ಆದರೂ ಬಾಯಿ ಮುಚ್ಚಿದೆ. ಬಟ್ಟಲಿನ ತಳವನ್ನು ಕೆರೆದು ತಿಂದು, ಅಲ್ಲೇ ಇಟ್ಟು, ಎಂಜಲು ಬಾಯಲ್ಲೇ ಸೋಫಾಕ್ಕೆ ಒರಗುವುದರೊಂದಿಗೆ ಅಂದಿನ ಕಲಾಪ ಮುಗಿಯಿತು. ಹಾಗೆ ಕೂತರೆ ಸಿಹಿ ಬಹಳ ಹೊತ್ತು ನಾಲಿಗೆಯ ಮೇಲೇ ಇರುತ್ತದೆ ಎಂದು ಈ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅವರಿಗೆ ತಾನೇ ಹೇಗೆ ಗೊತ್ತಿರಬೇಕು?